ಮನೆಯಿಂದಲೇ ವಿಡಿಯೊ ಸಂದರ್ಶನ: ಮೊದಲು ಕೋಣೆ, ಆಮೇಲೆ ಮೈಕ್, ಕೊನೆಗೆ ಕ್ಯಾಮೆರಾ

ವಿಜಯಪುರದಲ್ಲಿ ರಾತ್ರಿ ಬಸ್ಸು ಹತ್ತಿ, ಐನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನಲ್ಲಿ ಬೆಳಗಿನ ಜಾವ ಇಳಿದು, ನಿಲ್ದಾಣದಲ್ಲೇ ಮುಖ ತೊಳೆದುಕೊಂಡು, ಅರ್ಧ ಗಂಟೆಯ ಸಂದರ್ಶನ ಮುಗಿಸಿ ಅದೇ ರಾತ್ರಿ ಹಿಂದಿರುಗುತ್ತಿದ್ದ ನಮ್ಮ ಭಾಗದ ಉದ್ಯೋಗಾರ್ಥಿಗಳಿಗೆ 2020ರ ನಂತರ ದೊಡ್ಡ ಅನುಕೂಲವೊಂದು ಒದಗಿದೆ. ಅನೇಕ ಸಂಸ್ಥೆಗಳು ಮೊದಲ ಸುತ್ತಿನ ಸಂದರ್ಶನವನ್ನು ವಿಡಿಯೊ ಮೂಲಕವೇ ನಡೆಸುತ್ತಿವೆ. ಪ್ರಯಾಣದ ಖರ್ಚೂ ದಣಿವೂ ತಪ್ಪಿದವು. ಆದರೆ ಇದರೊಂದಿಗೆ, ಹಿಂದೆ ಸಂಸ್ಥೆಯೇ ಹೊರುತ್ತಿದ್ದ ಹೊಣೆಯೊಂದು ಅಭ್ಯರ್ಥಿಯ ಹೆಗಲಿಗೆ ಬಂದಿದೆ. ಮಾತು ಸ್ಪಷ್ಟವಾಗಿ ಕೇಳಿಸುವ, ಮುಖ ಸರಿಯಾಗಿ ಕಾಣಿಸುವ ಕೋಣೆಯನ್ನು ಈಗ ಅಭ್ಯರ್ಥಿಯೇ ಸಜ್ಜುಗೊಳಿಸಿಕೊಳ್ಳಬೇಕು.

ಬಾಗಲಕೋಟೆಯ ನವನಗರದಲ್ಲಿರುವ ನನ್ನ ತಂಗಿಯ ಮಗಳು ತನ್ನ ಮೊದಲ ಸಂದರ್ಶನಕ್ಕೆ ಮನೆಯ ಮೇಲಂತಸ್ತಿನ ಖಾಲಿ ಕೋಣೆಯನ್ನು ಆರಿಸಿಕೊಂಡಿದ್ದಳು. ಅಲ್ಲಿ ಯಾರ ಗದ್ದಲವೂ ಇರಲಿಲ್ಲ. ಕೆಳಗೆ ನುಣುಪಾದ ಟೈಲ್ಸ್, ನಾಲ್ಕೂ ಕಡೆ ಬರಿಯ ಗೋಡೆ, ನಡುವೆ ಒಂದು ಮೇಜು, ಅದರ ಮೇಲೆ ಲ್ಯಾಪ್‌ಟಾಪ್. ಸಂದರ್ಶಕರು ಮೂರು ಬಾರಿ ‘ಮತ್ತೊಮ್ಮೆ ಹೇಳಿ’ ಎಂದರು. ತನ್ನ ಇಂಗ್ಲಿಷ್ ಉಚ್ಚಾರಣೆಯೇ ಸರಿಯಿಲ್ಲವೆಂದು ಆಕೆ ಕುಗ್ಗಿಹೋದಳು. ಮರುದಿನ ಅದೇ ಕೋಣೆಯಲ್ಲಿ, ಅದೇ ಲ್ಯಾಪ್‌ಟಾಪಿನಲ್ಲಿ ಅವಳ ಮಾತನ್ನು ಮುದ್ರಿಸಿ ಕೇಳಿದಾಗ ದೋಷ ಎಲ್ಲಿದೆಯೆಂಬುದು ತಿಳಿಯಿತು. ಕಾಳು ತುಂಬಿಡುವ ನೆಲದೊಳಗಿನ ಹಗೇವಿಗೆ ಇಳಿದು ಮಾತನಾಡಿದಂತೆ ದನಿ ಗುಂಯ್‌ಗುಡುತ್ತಿತ್ತು. ಮುಂದಿನ ಸಂದರ್ಶನವನ್ನು ಆಕೆ ಅದೇ ಕೋಣೆಯಿಂದಲೇ ಕೊಟ್ಟಳು. ಬದಲಾಗಿದ್ದು ಗೋಡೆಗೆ ನೇತುಹಾಕಿದ ಎರಡು ಕೌದಿ ಮತ್ತು ಕೆಲವು ನೂರು ರೂಪಾಯಿಯ ಒಂದು ವೈರಿನ ಇಯರ್‌ಫೋನ್ ಮಾತ್ರ. ಆ ಬಾರಿ ಯಾರೂ ಉತ್ತರವನ್ನು ಮರಳಿ ಹೇಳಿಸಲಿಲ್ಲ.

ಈ ಕಾರಣದಿಂದಲೇ ನಾನು ಯಾರಿಗೂ ಮೊದಲು ಕ್ಯಾಮೆರಾ ಕೊಳ್ಳಲು ಹೇಳುವುದಿಲ್ಲ. ಚಿತ್ರ ಸ್ವಲ್ಪ ಮಸುಕಾದರೂ ಸಂದರ್ಶಕರು ಮಾತು ಮುಂದುವರಿಸುತ್ತಾರೆ, ಮಾತು ಕೇಳಿಸದಿದ್ದರೆ ಸಂದರ್ಶನವೇ ನಿಲ್ಲುತ್ತದೆ. ದನಿಯ ಬಹುಪಾಲು ದೋಷಗಳು ಉಪಕರಣದಿಂದಲ್ಲ, ಕೋಣೆಯಿಂದಲೇ ಹುಟ್ಟುವುದರಿಂದ ಕೆಲಸವನ್ನು ಕೋಣೆಯಿಂದಲೇ ಆರಂಭಿಸುವುದು ಸರಿ.

ಕೋಣೆಯನ್ನು ಪಳಗಿಸುವುದು

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟದೇ ಬಂದವರು ನಮ್ಮಲ್ಲಿ ವಿರಳ. 1656ರ ಸುಮಾರಿಗೆ ನಿರ್ಮಾಣವಾದ ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 340 ಮೀಟರ್ ಸಾಗುತ್ತದೆ. ಹೀಗಾಗಿ ಎದುರು ಗೋಡೆಗೆ ತಾಗಿ ಮರಳಲು ಅದಕ್ಕೆ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಸಮಯ ಹಿಡಿಯುತ್ತದೆ. ಅಷ್ಟು ಅಂತರವಿದ್ದರೆ ನಮ್ಮ ಕಿವಿ ಮೂಲ ದನಿಯನ್ನೂ ಮಾರ್ದನಿಯನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲದು. ಹತ್ತು-ಹನ್ನೆರಡು ಅಡಿಯ ಕೋಣೆಯಲ್ಲಿಯೂ ನಡೆಯುವುದು ಇದೇ. ಆದರೆ ಅಲ್ಲಿ ಗೋಡೆಗಳು ತೀರ ಹತ್ತಿರವಿರುವುದರಿಂದ ಮರಳಿದ ದನಿ ಸೆಕೆಂಡಿನ ನೂರನೆಯ ಒಂದು ಭಾಗದಷ್ಟರಲ್ಲೇ ಬಂದು ಮೂಲ ಮಾತಿನ ಮೇಲೆಯೇ ಕುಳಿತುಕೊಳ್ಳುತ್ತದೆ. ಅದು ಮಾರ್ದನಿಯೆಂದು ನಮಗೆ ಕೇಳಿಸುವುದಿಲ್ಲ; ಅಕ್ಷರಗಳು ಒಂದರೊಳಗೊಂದು ಬೆರೆತು ಮಾತು ಕಲಸಿದಂತಾಗುತ್ತದೆ. ಕೋಣೆಯಲ್ಲೇ ಕುಳಿತವರ ಎರಡು ಕಿವಿಗಳು ಈ ಕಲಸನ್ನು ಒಂದು ಮಟ್ಟಿಗೆ ಸೋಸಿಕೊಳ್ಳುತ್ತವೆ. ಮೈಕಿಗೆ ಆ ಸಾಮರ್ಥ್ಯವಿಲ್ಲ. ಅದಕ್ಕಾಗಿಯೇ ‘ನಮಗೆ ಸರಿಯಾಗಿ ಕೇಳಿಸುತ್ತಿದೆಯಲ್ಲ’ ಎಂಬ ಮನೆಯವರ ಮಾತನ್ನು ಈ ವಿಷಯದಲ್ಲಿ ಪ್ರಮಾಣವೆಂದು ಹಿಡಿಯಲಾಗದು.

ಪರೀಕ್ಷೆ ಸುಲಭ. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿರಿ. ಚಪ್ಪಾಳೆ ನಿಂತ ಮೇಲೂ ‘ಟಣ್’ ಎಂಬ ಎಳೆಯೊಂದು ಗಾಳಿಯಲ್ಲಿ ಉಳಿದರೆ ಆ ಕೋಣೆಗೆ ಬಟ್ಟೆ ಬೇಕು. ಹೊಸ ಆರ್‌ಸಿಸಿ ಮನೆಗಳು, ಫರಸಿ ಹಾಸಿದ ನೆಲ, ಕಲ್ಲಿನ ಗೋಡೆ, ಪತ್ರಾಸಿನ ಸೂರು ಇವೆಲ್ಲವೂ ದನಿಯನ್ನು ಹಿಂದಕ್ಕೆ ಎಸೆಯುತ್ತವೆ. ಹಳೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ, ಅದರಲ್ಲೂ ಹಾಸಿಗೆ ಹೊದಿಕೆಗಳನ್ನು ಒಟ್ಟಿದ ಒಳಕೋಣೆಯಲ್ಲಿ ದನಿ ಎಷ್ಟೋ ಮೆತ್ತಗಿರುತ್ತದೆ. ಮನೆಯಲ್ಲಿ ಇಂಥದೊಂದು ಕೋಣೆಯಿದ್ದರೆ, ಅದು ನೋಡಲು ಹಳೆಯದಾಗಿದೆಯೆಂದು ಬಿಟ್ಟು ಚೆಂದದ ಹಾಲ್‌ಗೆ ಹೋಗಬೇಡಿರಿ.

ಖಾಲಿ ಕೋಣೆಯೊಂದೇ ಗತಿಯೆಂದಾದರೆ ಕೌದಿಗಳನ್ನು ಹೊರತೆಗೆಯಿರಿ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿಟ್ಟು ಒತ್ತೊತ್ತಾಗಿ ಹೊಲಿದ ನಮ್ಮ ಕೌದಿ ದನಿಯನ್ನು ಹೀರುವುದರಲ್ಲಿ ತೆಳ್ಳನೆಯ ಪರದೆಗಿಂತ ಬಹಳ ಮೇಲು. ಎಲ್ಲ ಗೋಡೆಗಳನ್ನೂ ಮುಚ್ಚುವ ಅಗತ್ಯವಿಲ್ಲ. ನೀವು ಮುಖಮಾಡಿ ಕುಳಿತ ಗೋಡೆಗೆ, ಅಂದರೆ ಕ್ಯಾಮೆರಾದ ಹಿಂದಿನ ಗೋಡೆಗೆ ಮೊದಲನೆಯ ಕೌದಿ ಹೋಗಲಿ. ಬಾಯಿಂದ ಹೊರಟ ದನಿ ನೇರವಾಗಿ ತಾಗುವುದು ಅಲ್ಲಿಗೇ. ಎರಡನೆಯದನ್ನು ಪಕ್ಕದ ಗೋಡೆಗೆ ಕಟ್ಟಿರಿ. ಗೋಡೆಗೆ ಅಂಟಿಸಿದಂತೆ ಕಟ್ಟುವ ಬದಲು ಹಗ್ಗದ ಮೇಲೆ ಹಾಕಿ ಎರಡು-ಮೂರು ಅಂಗುಲ ಮುಂದಕ್ಕೆ ಬಿಟ್ಟರೆ ಪರಿಣಾಮ ಹೆಚ್ಚು. ನೆಲಕ್ಕೆ ಜಮಖಾನೆ, ಮೇಜಿನ ಮೇಲೆ ದಪ್ಪನೆಯ ಟವೆಲ್ ಹಾಸಿರಿ. ಮೇಜಿನ ಬೋಳು ಹಲಗೆಯೂ ದನಿಯನ್ನು ಮೈಕಿನತ್ತ ಎಸೆಯುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಇಷ್ಟಾದ ಮೇಲೆ ಮತ್ತೊಮ್ಮೆ ಚಪ್ಪಾಳೆ ತಟ್ಟಿ ಕೇಳಿರಿ.

ಇನ್ನು ಹೊರಗಿನ ಸದ್ದು. ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ, ಕುಕ್ಕರಿನ ಸಿಳ್ಳೆ, ಅಂಗಳದ ಬೋರ್‌ವೆಲ್ ಮೋಟಾರು ಇವುಗಳನ್ನು ಮನೆಯವರಿಗೆ ಮೊದಲೇ ತಿಳಿಸಿ ಒಂದು ಗಂಟೆ ತಡೆಯಬಹುದು. ರಬಕವಿ-ಬನಹಟ್ಟಿಯ ಓಣಿಯಲ್ಲಿ ವಿದ್ಯುತ್ ಮಗ್ಗ ನಡೆಯುತ್ತಿದ್ದರೆ, ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳದ ರಸ್ತೆಬದಿಯ ಮನೆಯೆದುರು ಹಾಡು ಹಾಕಿಕೊಂಡು ಟ್ರ್ಯಾಕ್ಟರುಗಳು ಸಾಗುತ್ತಿದ್ದರೆ ಅವನ್ನು ನಿಲ್ಲಿಸಲಾಗದು. ಅಂಥ ಮನೆಯವರು ರಸ್ತೆಗೆ ದೂರವಾದ ಹಿಂಗೋಣೆಯನ್ನು ಆರಿಸಿಕೊಂಡು, ಕಿಟಕಿ ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಮಡಿಸಿದ ಟವೆಲ್ ಒತ್ತಬೇಕು. ಗಾಳಿ ನುಸುಳುವ ಸಂದಿಯಿಂದಲೇ ಸದ್ದೂ ನುಸುಳುತ್ತದೆ. ಸಾಧ್ಯವಾದಲ್ಲಿ ಸಂಬಂಧಿಕರ ಇಲ್ಲವೇ ಗೆಳೆಯರ ಶಾಂತವಾದ ಮನೆಯನ್ನು ಎರಡು ಗಂಟೆಯ ಮಟ್ಟಿಗೆ ಕೇಳಿಕೊಳ್ಳಲು ಸಂಕೋಚಪಡಬೇಡಿರಿ.

ಫ್ಯಾನಿನ ಪ್ರಶ್ನೆ ಬೇಸಿಗೆಯಲ್ಲಿ ತೊಡಕಿನದು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿಯ ಬಿಸಿಲಿರುವ ವಿಜಯಪುರದಲ್ಲಿ ಫ್ಯಾನ್ ಆರಿಸಿ ಮುಚ್ಚಿದ ಕೋಣೆಯಲ್ಲಿ ಒಂದು ಗಂಟೆ ಕುಳಿತರೆ ಬೆವರು ಇಳಿಯುತ್ತದೆ, ಗಮನವೂ ಚದುರುತ್ತದೆ. ಸಂದರ್ಶನಕ್ಕೆ ಒಂದು ಗಂಟೆ ಮೊದಲು ಕೂಲರ್ ಹಚ್ಚಿ ಕೋಣೆಯನ್ನು ತಣ್ಣಗಾಗಿಸಿ, ಆಮೇಲೆ ಕೂಲರ್ ಆರಿಸಿ ಫ್ಯಾನನ್ನು ಅತಿ ಕಡಿಮೆ ವೇಗದಲ್ಲಿಡಿರಿ. ಗಾಳಿ ನೇರವಾಗಿ ಮೈಕಿಗೆ ಬಡಿಯದಂತೆ ನೋಡಿಕೊಳ್ಳಿರಿ. ಫ್ಯಾನಿನ ಸಪ್ಪಳಕ್ಕಿಂತ ಮೈಕಿನ ಮೇಲೆ ಬೀಸುವ ಗಾಳಿಯ ಭರ್ ಎಂಬ ಸದ್ದು ಹೆಚ್ಚು ಕೆಡುಕು ಮಾಡುತ್ತದೆ. ಮೈಕಿಗೆ ಸ್ಪಂಜಿನ ಟೊಪ್ಪಿಗೆ ಹಾಕುವುದು ಇದಕ್ಕಾಗಿಯೇ.

ಮೈಕ್: ಬೆಲೆಗಿಂತ ದೂರ ಮುಖ್ಯ

ಮೈಕನ್ನು ಬಾಯಿಂದ ಎರಡುಪಟ್ಟು ದೂರಕ್ಕೆ ಸರಿಸಿದಾಗಲೆಲ್ಲ ನೇರವಾಗಿ ಬರುವ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳಿಂದ ಮರಳಿ ಕೋಣೆಯ ತುಂಬ ಹರಡಿದ ದನಿ ಮಾತ್ರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಲ್ಯಾಪ್‌ಟಾಪಿನೊಳಗಿನ ಮೈಕ್ ನಿಮ್ಮ ಬಾಯಿಂದ 60 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಅದರ ಬದಲು 15 ಸೆಂಟಿಮೀಟರ್ ದೂರದಲ್ಲಿ ಒಂದು ಮೈಕ್ ಇಟ್ಟರೆ ಕೋಣೆಯ ಗದ್ದಲಕ್ಕೆ ಹೋಲಿಸಿದಾಗ ನಿಮ್ಮ ಮಾತು 12 ಡೆಸಿಬೆಲ್ ಮೇಲೇಳುತ್ತದೆ. ದುಬಾರಿ ಮೈಕನ್ನು ದೂರವಿಟ್ಟರೆ ಈ ಲಾಭ ದೊರೆಯುವುದಿಲ್ಲ. ಅಗ್ಗದ ಮೈಕನ್ನು ಹತ್ತಿರ ತಂದರೆ ದೊರೆಯುತ್ತದೆ.

ನನ್ನ ಮೊದಲ ಆಯ್ಕೆ ಮೈಕ್ ಇರುವ ವೈರಿನ ಇಯರ್‌ಫೋನ್. ಕಿವಿಯೊಳಗೆ ಸಂದರ್ಶಕರ ದನಿ ಕೇಳಿಸುವುದರಿಂದ ಅದು ಸ್ಪೀಕರಿನಿಂದ ಹೊರಬಂದು ಮತ್ತೆ ಮೈಕಿಗೆ ಹೊಕ್ಕುವ ತೊಂದರೆಯೂ ತಪ್ಪುತ್ತದೆ. ವೈರಿನಲ್ಲಿರುವ ಸಣ್ಣ ಮೈಕ್ ಅಂಗಿಗೆ ಉಜ್ಜಿದರೆ ಖರಖರ ಸದ್ದಾಗುತ್ತದೆ. ಆದ್ದರಿಂದ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ವೈರನ್ನು ಕಾಲರಿಗೆ ಸಿಕ್ಕಿಸಿ, ಮೈಕ್ ಯಾವುದಕ್ಕೂ ತಾಗದಂತೆ ನಿಲ್ಲಿಸಿರಿ. ಎರಡನೆಯ ಆಯ್ಕೆ ಕಾಲರ್ ಮೈಕ್. ಇದನ್ನು ಗದ್ದದಿಂದ 15ರಿಂದ 20 ಸೆಂಟಿಮೀಟರ್ ಕೆಳಗೆ, ಎದೆಯ ನಡುವೆ ಹಾಕಬೇಕು. ಸೀರೆ ಉಟ್ಟವರು ಸೆರಗಿನ ಅಂಚಿಗೆ ಸಿಕ್ಕಿಸುವಾಗ ತಾಳಿ, ಬೋರಮಾಳ ಮೈಕಿಗೆ ಬಡಿಯದಂತೆ ಸೆರಗಿನ ಒಳಗೆ ಸೇರಿಸಿಕೊಳ್ಳಬೇಕು. ತಲೆ ಅಲುಗಿದಾಗಲೆಲ್ಲ ಆಗುವ ಆ ಕಿಣಿಕಿಣಿ ಉಟ್ಟವರಿಗೆ ಕೇಳಿಸದಿದ್ದರೂ ಸಂದರ್ಶಕರಿಗೆ ಮಾತಿಗಿಂತ ಮುಂಚೆ ಕೇಳಿಸುತ್ತದೆ.

ಕಾಲರ್ ಮೈಕ್ ಕೊಳ್ಳುವಾಗ ಅದರ 3.5 ಮಿಲಿಮೀಟರ್ ಪಿನ್ನಿನ ಮೇಲಿರುವ ಕಪ್ಪು ಪಟ್ಟಿಗಳನ್ನು ಎಣಿಸಿರಿ. ಮೊಬೈಲಿಗೂ, ಒಂದೇ ತೂತಿರುವ ಲ್ಯಾಪ್‌ಟಾಪಿಗೂ ಮೂರು ಪಟ್ಟಿಯ ಪಿನ್ ಬೇಕು. ಎರಡು ಪಟ್ಟಿಯ ಪಿನ್ ಕ್ಯಾಮೆರಾಗಳಿಗಾಗಿ ಮಾಡಿದ್ದು. ಅದನ್ನು ಮೊಬೈಲಿಗೆ ಚುಚ್ಚಿದರೆ ಮೊಬೈಲು ಮೈಕ್ ಇದೆಯೆಂದೇ ತಿಳಿಯದೆ ತನ್ನದೇ ಮೈಕನ್ನು ಬಳಸುತ್ತಿರುತ್ತದೆ. ಎಷ್ಟೋ ಜನ ಕಾಲರಿಗೆ ಮೈಕ್ ಸಿಕ್ಕಿಸಿಕೊಂಡು ಮೊಬೈಲಿನ ಮೈಕಿನಲ್ಲೇ ಮಾತನಾಡಿ ಬಂದಿದ್ದಾರೆ. ಪರೀಕ್ಷಿಸಲು, ಮಾತು ಮುದ್ರಿಸುತ್ತಿರುವಾಗ ಕಾಲರ್ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಮರಳಿ ಕೇಳಿದಾಗ ಕೆರೆತದ ಸದ್ದು ದೊಡ್ಡದಾಗಿ ಕೇಳಿಸಿದರೆ ಅದೇ ಮೈಕ್ ಕೆಲಸ ಮಾಡುತ್ತಿದೆ. ತೂತೇ ಇಲ್ಲದ ಹೊಸ ಮೊಬೈಲುಗಳಿಗೆ ಟೈಪ್-ಸಿ ಪಿನ್ನಿನ ಇಯರ್‌ಫೋನ್ ಕೊಳ್ಳುವುದು ನೇರವಾದ ದಾರಿ.

ಬ್ಲೂಟೂತ್ ಇಯರ್‌ಬಡ್‌ಗಳನ್ನು ಈ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ಹಾಡು ಕೇಳುವಾಗ ಚೆನ್ನಾಗಿರುವ ಇವು, ಮೈಕ್ ಚಾಲೂ ಆದ ಕ್ಷಣವೇ ಸಾಮಾನ್ಯವಾಗಿ ದೂರವಾಣಿ ಕರೆಯ ವಿಧಾನಕ್ಕೆ ಬದಲಾಗುತ್ತವೆ. ಆಗ ದನಿಯ ಗುಣ ತಗ್ಗಿ ಮಾತು ಹಳೆಯ ಫೋನಿನಲ್ಲಿ ಬಂದಂತೆ ಬಿಗಿಯುತ್ತದೆ. ಅರ್ಧದಲ್ಲಿ ಬ್ಯಾಟರಿ ಮುಗಿಯುವ ಭಯ ಬೇರೆ. ಯುಎಸ್‌ಬಿ ಮೈಕ್ ಈಗಾಗಲೇ ಮನೆಯಲ್ಲಿದ್ದರೆ ಬಳಸಿರಿ. ಅವುಗಳಲ್ಲಿ ಹೆಚ್ಚಿನವು ಮುಂದಿನಿಂದ ಬರುವ ದನಿಯನ್ನು ಹಿಡಿದು ಹಿಂದಿನದನ್ನು ಬಿಡುವಂಥವು. ಮೈಕಿನ ಬೆನ್ನು ಕಿಟಕಿಯ ಕಡೆಗೋ ಫ್ಯಾನಿನ ಕಡೆಗೋ ಇರುವಂತೆ ಇಟ್ಟರೆ ಆ ಗುಣದ ಪೂರ್ಣ ಲಾಭ ಸಿಗುತ್ತದೆ. ಒಂದು ಸಂದರ್ಶನಕ್ಕೆಂದು ಇದನ್ನು ಹೊಸದಾಗಿ ಕೊಳ್ಳುವುದು ಮಾತ್ರ ದುಂದು.

ಮೈಕ್ ಬಾಯಿಯ ನೇರ ಎದುರಿಗೆ ಇರಬಾರದು, ತುಟಿಯ ಮೂಲೆಯ ಕಡೆಗೆ ತುಸು ಸರಿದಿರಬೇಕು. ಪ, ಫ, ಬ, ಭ ಅಕ್ಷರಗಳನ್ನು ನುಡಿಯುವಾಗ ತುಟಿಯಿಂದ ಹೊರಡುವ ಗಾಳಿ ಮೈಕಿಗೆ ನೇರವಾಗಿ ಬಡಿದರೆ ಪಟಾರ್ ಎಂಬ ಸದ್ದು ಬರುತ್ತದೆ. ಇದನ್ನು ಪರೀಕ್ಷಿಸಲು ನಾನು ಎಲ್ಲರಿಗೂ ಹೇಳಿಕೊಡುವ ವಾಕ್ಯ ಇದು: ‘ಪಟ್ಟದಕಲ್ಲಿನ ಪಾಪನಾಥ, ಬಾದಾಮಿಯ ಭೂತನಾಥ.’ ಇದರ ಬೆನ್ನಿಗೇ ‘ಸವದತ್ತಿ, ಸಿಂದಗಿ, ಸೊಲ್ಲಾಪುರ’ ಎಂದರೆ ಸಕಾರದ ಸೀಟಿ ಹೆಚ್ಚಾಗಿದೆಯೇ ಎಂಬುದೂ ಗೊತ್ತಾಗುತ್ತದೆ. ಮೊದಲ ಸಾಲಿನಲ್ಲಿ ಪಟಾರ್ ಕೇಳಿಸಿದರೆ ಮೈಕನ್ನು ಇನ್ನೂ ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿಸಿರಿ.

ದನಿಯ ಮಟ್ಟವನ್ನು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಎಂಬ ಕ್ರಮದಲ್ಲಿ ಹೋಗಿ ಇನ್‌ಪುಟ್ ಭಾಗದಲ್ಲಿ ಹೊಂದಿಸಬಹುದು. ನೀವು ಸಂದರ್ಶನದಲ್ಲಿ ಮಾತನಾಡುವಷ್ಟೇ ಜೋರಾಗಿ ಮಾತನಾಡುತ್ತ, ಪಟ್ಟಿ ಮುಕ್ಕಾಲು ಭಾಗದವರೆಗೆ ಏರಿ ಇಳಿಯುವಂತೆ ಇಡಿರಿ. ಪಟ್ಟಿ ಕೊನೆಗೆ ತಾಗಿದರೆ ದನಿ ಒಡೆಯುತ್ತದೆ. ತಗ್ಗಿದ ದನಿಯನ್ನು ಆ ಬದಿಯವರು ಏರಿಸಿ ಕೇಳಬಹುದು, ಒಡೆದದ್ದನ್ನು ಯಾರೂ ಸರಿಪಡಿಸಲಾರರು. ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿದಾಗ ಮಾತ್ರ ಹಿನ್ನೆಲೆಯಲ್ಲಿ ಗುಂ ಎಂಬ ಸದ್ದು ಬರುತ್ತಿದ್ದರೆ ಮನೆಯ ಅರ್ಥಿಂಗ್ ಸರಿಯಿಲ್ಲದಿರಬಹುದು. ಎಲೆಕ್ಟ್ರಿಷಿಯನ್ ಬರುವವರೆಗೆ, ಬ್ಯಾಟರಿ ತುಂಬಿಸಿಕೊಂಡು ಸಂದರ್ಶನದ ಹೊತ್ತಿಗೆ ಚಾರ್ಜರ್ ತೆಗೆದುಬಿಡಿರಿ.

ಬೆಳಕು

ಕ್ಯಾಮೆರಾ ಕೆಟ್ಟದಾಗಿದೆ ಎಂದು ದೂರುವವರಲ್ಲಿ ಬಹಳಷ್ಟು ಜನರಿಗೆ ಕೊರತೆಯಾಗಿರುವುದು ಬೆಳಕು. ಲ್ಯಾಪ್‌ಟಾಪಿನ ಕ್ಯಾಮೆರಾದ ಸೆನ್ಸರ್ ಬಹಳ ಸಣ್ಣದು. ಬೆಳಕು ಸಾಲದಾದಾಗ ಅದು ಸಂಕೇತವನ್ನು ಬಲವಂತವಾಗಿ ಹಿಗ್ಗಿಸುತ್ತದೆ, ಚಿತ್ರದ ತುಂಬ ರವೆ ಚೆಲ್ಲಿದಂತಾಗುತ್ತದೆ. ಕುಣಿಯುವ ಆ ಕಾಳುಗಳನ್ನು ಅಂತರ್ಜಾಲದಲ್ಲಿ ಕುಗ್ಗಿಸಿ ಕಳಿಸುವುದು ಕಷ್ಟವಾದ್ದರಿಂದ ಆ ಬದಿಯಲ್ಲಿ ಮುಖ ಇನ್ನೂ ಮಸುಕಾಗುತ್ತದೆ. ಅದೇ ಕ್ಯಾಮೆರಾವನ್ನು ಕಿಟಕಿಯ ಬೆಳಕಿನಲ್ಲಿಟ್ಟರೆ ಚಿತ್ರ ಬೇರೆಯದೇ ಆಗುತ್ತದೆ.

ಕಿಟಕಿ ನಿಮ್ಮ ಎದುರಿಗೆ, ತುಸು ಓರೆಯಾಗಿ ಇರಲಿ. ಬೆನ್ನಿಗೆ ಕಿಟಕಿಯಿದ್ದರೆ ಕ್ಯಾಮೆರಾ ಹೊರಗಿನ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪಾಗಿಸುತ್ತದೆ. ನಮ್ಮ ಸೀಮೆಯ ಬಿಸಿಲು ತೀಕ್ಷ್ಣವಾದ್ದರಿಂದ ನೇರ ಬಿಸಿಲು ಮುಖದ ಮೇಲೆ ಬೀಳಬಾರದು. ಕಿಟಕಿಗೆ ಬಿಳಿಯ ಧೋತರವನ್ನು ಒಂದು ಪದರ ಕಟ್ಟಿದರೆ ಬೆಳಕು ಹರಡಿ ಮೃದುವಾಗುತ್ತದೆ. ಸಂದರ್ಶನ ಮಧ್ಯಾಹ್ನ 3 ಗಂಟೆಗಿದ್ದರೆ ಬೆಳಕನ್ನೂ ಹಿಂದಿನ ದಿನ 3 ಗಂಟೆಗೇ ನೋಡಿರಿ. ಬೆಳಿಗ್ಗೆ ಚೆನ್ನಾಗಿ ಕಂಡ ಪೂರ್ವದ ಕಿಟಕಿ ಮಧ್ಯಾಹ್ನಕ್ಕೆ ಮಂಕಾಗಿರುತ್ತದೆ. ಸಂಜೆಯ ಸಂದರ್ಶನಕ್ಕೆ, ಅಥವಾ ಬೆಳಕಿಂಡಿಯೊಂದೇ ಇರುವ ಹಳೆಯ ಕೋಣೆಗೆ, ಲ್ಯಾಪ್‌ಟಾಪಿನ ಹಿಂದೆ ಒಂದು ಎಲ್‌ಇಡಿ ಬಲ್ಬನ್ನು ಬಿಳಿ ಗೋಡೆಯತ್ತ ತಿರುಗಿಸಿಟ್ಟು, ಗೋಡೆಯಿಂದ ಮರಳಿದ ಬೆಳಕು ಮುಖಕ್ಕೆ ಬರುವಂತೆ ಮಾಡಿರಿ. ಎದುರು ಗೋಡೆಗೆ ಕೌದಿ ಕಟ್ಟಿದ್ದರೆ ಬಲ್ಬಿನ ಎದುರಿನ ಭಾಗಕ್ಕೆ ಒಂದು ಬಿಳಿ ಹಾಳೆ ಅಥವಾ ಬಿಳಿ ಬಟ್ಟೆ ಸಿಕ್ಕಿಸಿದರೆ ಸಾಕು. ತಲೆಯ ಮೇಲಿನ ಟ್ಯೂಬ್‌ಲೈಟ್ ಒಂದನ್ನೇ ನಂಬಿದರೆ ಕಣ್ಣಿನ ಕುಳಿಗಳಲ್ಲಿ ನೆರಳು ತುಂಬುತ್ತದೆ. ಹಳದಿ ಬಲ್ಬು ಒಂದು ಬದಿ, ಬಿಳಿ ಬೆಳಕು ಇನ್ನೊಂದು ಬದಿ ಇದ್ದರೆ ಮುಖದ ಬಣ್ಣವೇ ಎರಡು ಪಾಲಾಗುತ್ತದೆ. ಒಂದೇ ಬಗೆಯದನ್ನು ಬಳಸಿರಿ.

ಚಿತ್ರದಲ್ಲಿ ಕಪ್ಪು ಪಟ್ಟೆಗಳು ಮೇಲೆ ಕೆಳಗೆ ಹರಿದಾಡುತ್ತಿದ್ದರೆ ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಅದರಿಂದ ಉರಿಯುವ ಕೆಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ವೆಬ್‌ಕ್ಯಾಮ್ ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಸಿದ್ದಾಗಿದ್ದರೆ ಎರಡಕ್ಕೂ ತಾಳೆಯಾಗದೆ ಪಟ್ಟೆ ಮೂಡುತ್ತದೆ. ಕ್ಯಾಮೆರಾದ ಸೆಟ್ಟಿಂಗ್ಸಿನಲ್ಲಿ ಆಂಟಿ ಫ್ಲಿಕರ್ ಅಥವಾ ಪವರ್‌ಲೈನ್ ಫ್ರೀಕ್ವೆನ್ಸಿ ಎಂಬಲ್ಲಿ 50 ಹರ್ಟ್ಸ್ ಆರಿಸಿದರೆ ಅವು ಮಾಯವಾಗುತ್ತವೆ.

ಉಡುಪಿನ ಮಾತು ಇಲ್ಲಿಯೇ ಬರುತ್ತದೆ. ಸಣ್ಣ ಚೌಕಳಿಯ ಇಳಕಲ್ ಸೀರೆ, ಒತ್ತಾದ ಸಣ್ಣ ಗೆರೆಯ ಅಂಗಿ ಎದುರಿಗೆ ನೋಡಲು ಎಷ್ಟೇ ಚೆಂದವಾಗಿದ್ದರೂ ಕ್ಯಾಮೆರಾದಲ್ಲಿ ಆ ಗೆರೆಗಳು ಬೆರೆತು ನೀರಿನ ಅಲೆಯಂತೆ ನಲುಗುತ್ತವೆ. ಇಳಕಲ್ ಸೀರೆಯನ್ನೇ ಉಡಬೇಕೆಂಬ ಆಸೆಯಿದ್ದರೆ ಮೈ ಒಂದೇ ಬಣ್ಣದ್ದನ್ನು ಆರಿಸಿಕೊಳ್ಳಿರಿ. ಅದರ ಕೆಂಪು ಸೆರಗು ಕ್ಯಾಮೆರಾದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅಪ್ಪಟ ಬಿಳಿ ಅಂಗಿಯನ್ನೂ ಬಿಡುವುದು ಲೇಸು.

ಕ್ಯಾಮೆರಾ

ಇದುವರೆಗಿನ ಕೆಲಸ ಸರಿಯಾಗಿದ್ದರೆ ಕ್ಯಾಮೆರಾದ ಕೆಲಸ ಸುಲಭ. ಮೊದಲು ಮೃದುವಾದ ಒಣ ಬಟ್ಟೆಯಿಂದ ಲೆನ್ಸನ್ನು ಒರೆಸಿರಿ. ಬೆರಳಿನ ಜಿಡ್ಡೇ ಎಷ್ಟೋ ಬಾರಿ ಮಂಜಿನಂತೆ ಕಾಣುತ್ತದೆ. ಲೆನ್ಸ್ ಕಣ್ಣಿನ ಮಟ್ಟದಲ್ಲಿರಬೇಕು. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಹಾಗೆಯೇ ಇಟ್ಟರೆ ಅದು ಗದ್ದದ ಕೆಳಗಿನಿಂದ ಮೇಲಕ್ಕೆ ನೋಡುತ್ತದೆ, ಮುಖಕ್ಕಿಂತ ಮೂಗಿನ ಹೊಳ್ಳೆ, ಸೂರಿನ ಫ್ಯಾನ್ ಹೆಚ್ಚು ಕಾಣುತ್ತವೆ. ದಪ್ಪ ಪುಸ್ತಕಗಳನ್ನೋ ಅಲುಗಾಡದ ಪೆಟ್ಟಿಗೆಯನ್ನೋ ಕೆಳಗಿಟ್ಟು ಎತ್ತರಿಸಿರಿ. ಮುಖದಿಂದ 50ರಿಂದ 70 ಸೆಂಟಿಮೀಟರ್ ದೂರ ತಕ್ಕದ್ದು. ಅದಕ್ಕಿಂತ ಹತ್ತಿರ ಹೋದರೆ ಮೊಬೈಲಿನ ಅಗಲ ಲೆನ್ಸು ಮೂಗನ್ನು ದೊಡ್ಡದಾಗಿಸಿ ಕಿವಿಗಳನ್ನು ಹಿಂದಕ್ಕೆ ತಳ್ಳುತ್ತದೆ. ತಲೆಯ ಮೇಲೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು ಎದೆಯವರೆಗೆ ಕಾಣುವಂತೆ ಕುಳಿತುಕೊಳ್ಳಿರಿ.

ಮೊಬೈಲಿನಿಂದಲೇ ಸಂದರ್ಶನ ಕೊಡುವವರು ಅದನ್ನು ಅಡ್ಡಲಾಗಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಕೈಯಲ್ಲಿ ಹಿಡಿಯುವುದು ಬೇಡ. ಅದರ ಹಿಂಬದಿಯ ಕ್ಯಾಮೆರಾ ಸಾಮಾನ್ಯವಾಗಿ ಮುಂದಿನದಕ್ಕಿಂತ ಉತ್ತಮವಾದರೂ ಎದುರಿನವರ ಮುಖ ಕಾಣದೆ ಮಾತನಾಡುವುದು ಕಠಿಣ, ಹಾಗಾಗಿ ಮುಂದಿನದೇ ಇರಲಿ. ಲ್ಯಾಪ್‌ಟಾಪ್ ಕ್ಯಾಮೆರಾ ತೀರ ಹಳತಾಗಿದ್ದರೆ ಡ್ರಾಯ್ಡ್‌ಕ್ಯಾಮ್‌ನಂಥ ಆ್ಯಪ್ ಹಾಕಿ ಯುಎಸ್‌ಬಿ ಕೇಬಲ್ ಮೂಲಕ ಮೊಬೈಲನ್ನೇ ವೆಬ್‌ಕ್ಯಾಮ್ ಆಗಿಸಬಹುದು. ಆದರೆ ವಾರದ ಮೊದಲೇ ಮಾಡಿ ಪಳಗಿಸಿಕೊಂಡಿರಬೇಕು, ಸಂದರ್ಶನದ ದಿನದ ಹೊಸ ಪ್ರಯೋಗವಾಗಬಾರದು. 720ಪಿ, ಅಂದರೆ ಸಾಧಾರಣ ಎಚ್‌ಡಿ ಮಟ್ಟದ ಚಿತ್ರವೇ ಇಂಥ ಸಂದರ್ಶನಕ್ಕೆ ಸಾಕು.

ಹಿನ್ನೆಲೆಗೆ ಬರಿಯ ಗೋಡೆ, ಇಲ್ಲವೇ ಇಸ್ತ್ರಿ ಮಾಡಿದ ತಿಳಿಬಣ್ಣದ ಚಾದರ ಸಾಕು. ದೇವರ ಪಟ, ಹಿರಿಯರ ಫೋಟೊ ಇದ್ದರೆ ತೆಗೆಯಬೇಕೆಂದು ನಾನು ಹೇಳುವುದಿಲ್ಲ. ಅವುಗಳ ಗಾಜಿನಲ್ಲಿ ಬಲ್ಬಿನ ಬಿಂಬ ಕಾಣದಿದ್ದರಾಯಿತು. ಕೃತಕ ಹಿನ್ನೆಲೆ ಮಾತ್ರ ಬೇಡ. ತಲೆ ತಿರುಗಿಸಿದಾಗ ಅದು ಕಿವಿ, ಕೂದಲನ್ನು ಕತ್ತರಿಸುತ್ತದೆ, ಹಳೆಯ ಲ್ಯಾಪ್‌ಟಾಪಿಗೆ ಹೊರೆಯೂ ಹೌದು.

ಮಾತನಾಡುವಾಗ ಪರದೆಯ ಮೇಲಿನ ಮುಖವನ್ನಲ್ಲ, ಲೆನ್ಸನ್ನು ನೋಡಬೇಕು. ಇದು ರೂಢಿಯಿಂದಲೇ ಬರಬೇಕು. ಸಂದರ್ಶಕರ ಚಿತ್ರವಿರುವ ಕಿಟಕಿಯನ್ನು ಚಿಕ್ಕದಾಗಿಸಿ ಪರದೆಯ ಮೇಲ್ಭಾಗಕ್ಕೆ, ಲೆನ್ಸಿನ ಕೆಳಗೇ ಎಳೆದಿಟ್ಟರೆ ಅರ್ಧ ಕೆಲಸ ತಾನಾಗಿ ಆಗುತ್ತದೆ.

ನೆಟ್‌ವರ್ಕ್ ಮತ್ತು ಕರೆಂಟು

ಝೂಮ್‌ನಲ್ಲಿ ಇಬ್ಬರ ನಡುವಿನ 720ಪಿ ಕರೆಗೆ ಹೋಗುವ ದಾರಿಗೂ ಬರುವ ದಾರಿಗೂ ಸೆಕೆಂಡಿಗೆ ಸುಮಾರು 1.2 ಮೆಗಾಬಿಟ್ ಬೇಕಾಗುತ್ತದೆ. ಲೆಕ್ಕ ಹಾಕಿದರೆ ಒಂದು ಗಂಟೆಗೆ ಒಂದು ಜಿಬಿಗಿಂತ ತುಸು ಹೆಚ್ಚು. ದಿನಕ್ಕೆ 1.5 ಜಿಬಿಯ ಪ್ಯಾಕ್ ಇರುವವರು ಬೆಳಿಗ್ಗೆಯೆಲ್ಲ ವಿಡಿಯೊ ನೋಡಿ ಮಧ್ಯಾಹ್ನ ಸಂದರ್ಶನಕ್ಕೆ ಕುಳಿತರೆ ನಡುವೆಯೇ ವೇಗ ಕುಸಿಯುತ್ತದೆ. ವೇಗ ಪರೀಕ್ಷಿಸುವಾಗ ಎಲ್ಲರೂ ಡೌನ್‌ಲೋಡ್ ಅಂಕಿಯನ್ನಷ್ಟೇ ನೋಡುತ್ತಾರೆ. ನಿಮ್ಮ ಮುಖ, ಮಾತು ಹೊರಹೋಗುವುದು ಅಪ್‌ಲೋಡ್ ದಾರಿಯಲ್ಲಿ, ಆದ್ದರಿಂದ ಆ ಅಂಕಿಯನ್ನು ನೋಡಿರಿ. ನೆಟ್ ದುರ್ಬಲವಾದರೆ ಮೊದಲು ಚಿತ್ರವನ್ನು ಬಲಿಕೊಡಬೇಕು. ಮಾತಿಗೆ ಸೆಕೆಂಡಿಗೆ ನೂರು ಕಿಲೋಬಿಟ್‌ಗಿಂತ ಕಡಿಮೆ ಸಾಕಾದ್ದರಿಂದ, ‘ನೆಟ್‌ವರ್ಕ್ ತೊಂದರೆಯಿದೆ, ಅನುಮತಿಯಿದ್ದರೆ ಸ್ವಲ್ಪ ಹೊತ್ತು ಕ್ಯಾಮೆರಾ ಆರಿಸುತ್ತೇನೆ’ ಎಂದು ಕೇಳಿ ಮಾತು ಮುಂದುವರಿಸಬಹುದು.

ಕಲ್ಲಿನ ದಪ್ಪ ಗೋಡೆಗಳ ಮನೆಯಲ್ಲಿ ವೈಫೈ ಒಂದು ಕೋಣೆ ದಾಟುವಷ್ಟರಲ್ಲಿ ಸೋಲುತ್ತದೆ. ರೌಟರಿನಿಂದ ಲ್ಯಾಪ್‌ಟಾಪಿಗೆ ನೇರವಾಗಿ ಕೇಬಲ್ ಎಳೆಯುವುದು ಎಲ್ಲಕ್ಕಿಂತ ಭದ್ರ. ಅದು ಆಗದಿದ್ದರೆ ರೌಟರನ್ನೇ ಆ ಕೋಣೆಗೆ ತನ್ನಿರಿ. ಬೇರೆ ಕಂಪನಿಯ ಸಿಮ್ ಇರುವ ಮೊಬೈಲೊಂದನ್ನು ಹಾಟ್‌ಸ್ಪಾಟ್‌ಗೆ ಸಿದ್ಧವಾಗಿಟ್ಟು, ಲ್ಯಾಪ್‌ಟಾಪನ್ನು ಹಿಂದಿನ ದಿನವೇ ಒಮ್ಮೆ ಅದಕ್ಕೆ ಜೋಡಿಸಿ ಪಾಸ್‌ವರ್ಡ್ ನೆನಪಿರುವಂತೆ ಮಾಡಿಕೊಳ್ಳಿರಿ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಹೆಸ್ಕಾಂ, ಅಂದರೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ವ್ಯಾಪ್ತಿಯಲ್ಲಿವೆ. ದುರಸ್ತಿಗಾಗಿ ಕರೆಂಟು ತೆಗೆಯುವ ದಿನ ಮತ್ತು ಊರುಗಳ ಪ್ರಕಟಣೆ ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ, ಅದನ್ನು ನೋಡಿರಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ, ರೌಟರಿಗೆ ಇರುವುದಿಲ್ಲ ಎಂಬುದು ಕರೆಂಟು ಹೋದ ಮೇಲಷ್ಟೇ ಹೊಳೆಯುತ್ತದೆ. ಇನ್ವರ್ಟರ್ ಇಲ್ಲದವರಿಗೆ ರೌಟರಿಗಾಗಿಯೇ ಮಾಡಿದ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ರೌಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ಅಂಕಿಗಳಿಗೆ ತಾಳೆ ನೋಡಿಕೊಳ್ಳಿರಿ.

ಹಿಂದಿನ ಸಂಜೆ ಮತ್ತು ಆ ದಿನ

ಹಿಂದಿನ ದಿನ, ಸಂದರ್ಶನದ ಹೊತ್ತಿಗೇ, ಅದೇ ಕುರ್ಚಿಯಲ್ಲಿ, ಅದೇ ಉಡುಪಿನಲ್ಲಿ ಬೇರೆ ಊರಿನ ಗೆಳೆಯರೊಬ್ಬರಿಗೆ ಅದೇ ಆ್ಯಪಿನಿಂದ ಕರೆ ಮಾಡಿ ಹತ್ತು ನಿಮಿಷ ಮಾತನಾಡಿರಿ. ಅವರಿಂದ ‘ಚೆನ್ನಾಗಿದೆ’ ಎಂಬ ಸೌಜನ್ಯದ ಮಾತಿಗಿಂತ ರೆಕಾರ್ಡ್ ಮಾಡಿದ ಕರೆಯನ್ನು ಕೇಳಿ ಪಡೆಯುವುದು ಹೆಚ್ಚು ಉಪಯುಕ್ತ. ಅದನ್ನು ಇಯರ್‌ಫೋನಿನಲ್ಲಿ ಕೇಳಿದಾಗ ಯಾವ ದೋಷವೂ ಅಡಗಿರಲಾರದು. ಸದ್ದು ಅಡಗಿಸುವ ನಾಯ್ಸ್ ಸಪ್ರೆಶನ್ ಸೌಲಭ್ಯ ಫ್ಯಾನಿನಂಥ ಒಂದೇ ಸಮನೆಯ ಸದ್ದನ್ನು ಚೆನ್ನಾಗಿ ತೆಗೆಯುತ್ತದೆ, ಆದರೆ ಅತಿಯಾಗಿ ಏರಿಸಿದರೆ ಪದಗಳ ಕೊನೆಯ ಅಕ್ಷರಗಳನ್ನೂ ನುಂಗುತ್ತದೆ. ಪದಗಳ ಬಾಲ ಕತ್ತರಿಸಿದಂತೆ ಕೇಳಿಸಿದರೆ ಅದನ್ನು ಒಂದು ಮೆಟ್ಟಿಲು ಇಳಿಸಿರಿ.

ಆ ದಿನ ಅರ್ಧ ಗಂಟೆ ಮೊದಲು ಲ್ಯಾಪ್‌ಟಾಪನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಬೇಡದ ಟ್ಯಾಬ್‌ಗಳನ್ನು ಮುಚ್ಚಿರಿ. ಇಯರ್‌ಫೋನ್ ಚುಚ್ಚಿದ ನಂತರವೇ ಆ್ಯಪ್ ತೆರೆದು, ಅದರ ಪಟ್ಟಿಯಲ್ಲಿ ಸರಿಯಾದ ಮೈಕ್ ಮತ್ತು ಕ್ಯಾಮೆರಾ ಆಯ್ಕೆಯಾಗಿವೆಯೇ ನೋಡಿರಿ. ಬ್ರೌಸರಿನಲ್ಲಿ ಮೈಕ್, ಕ್ಯಾಮೆರಾಗಳಿಗೆ ಅನುಮತಿ ಕೇಳಿದಾಗ ಅವಸರದಲ್ಲಿ ‘ಬ್ಲಾಕ್’ ಒತ್ತಿದ್ದರೆ ವಿಳಾಸದ ಪಟ್ಟಿಯ ಎಡತುದಿಯ ಗುರುತನ್ನು ಒತ್ತಿ ಬದಲಿಸಬಹುದು. ಕ್ಯಾಮೆರಾ ಕಾಣಿಸದಿದ್ದರೆ ಬೇರೊಂದು ಆ್ಯಪ್ ಅದನ್ನು ಹಿಡಿದಿಟ್ಟುಕೊಂಡಿರಬಹುದು, ಅಥವಾ ಲ್ಯಾಪ್‌ಟಾಪಿನ ಲೆನ್ಸಿನ ಮೇಲಿನ ಪುಟ್ಟ ಮುಚ್ಚಳ ಸರಿದಿರಬಹುದು. ಮೊಬೈಲಿನಿಂದ ಮಾತನಾಡುವವರು ‘ಡು ನಾಟ್ ಡಿಸ್ಟರ್ಬ್’ ಹಾಕಲೇಬೇಕು. ಊರಿನಿಂದ ಕಾಕಾ ಮಾಡಿದ ಕರೆಯೊಂದು ಬಂದರೆ ಮೈಕು ಆ ಕರೆಗೆ ಹೋಗಿ ಸಂದರ್ಶಕರಿಗೆ ನೀವು ಮೂಕರಾಗುತ್ತೀರಿ.

ಸಂದರ್ಶಕರ ಪ್ರಶ್ನೆ ಮುಗಿದ ಮೇಲೆ ಒಂದು ಉಸಿರಿನಷ್ಟು ತಡೆದು ಉತ್ತರ ಆರಂಭಿಸಿರಿ. ದನಿ ತಲುಪಲು ಹಿಡಿಯುವ ಸಮಯದಿಂದಾಗಿ ಇಬ್ಬರ ಮಾತೂ ಒಂದರ ಮೇಲೊಂದು ಬೀಳುವುದು ಇದರಿಂದ ತಪ್ಪುತ್ತದೆ. ಸಂಪರ್ಕ ಕಡಿದರೆ ಗಾಬರಿಯಾಗದೆ ಅದೇ ಲಿಂಕಿನಿಂದ ಮತ್ತೆ ಸೇರಿರಿ, ಎರಡು ನಿಮಿಷದಲ್ಲಿ ಆಗದಿದ್ದರೆ ಸಂದರ್ಶನದ ಪತ್ರದಲ್ಲಿ ಕೊಟ್ಟ ದೂರವಾಣಿ ಸಂಖ್ಯೆಗೆ ಕರೆ ಮಾಡಿರಿ. ಆ ಸಂಖ್ಯೆ ಲ್ಯಾಪ್‌ಟಾಪಿನೊಳಗಿನ ಮಿಂಚಂಚೆಯಲ್ಲಷ್ಟೇ ಅಲ್ಲದೆ ಒಂದು ಚೀಟಿಯ ಮೇಲೆ ಬರೆದು ಮೇಜಿನ ಮೇಲಿರಬೇಕು. ಎಲ್ಲ ಮುಗಿದು ಧನ್ಯವಾದ ಹೇಳಿದ ಮೇಲೆ ‘ಲೀವ್’ ಗುಂಡಿ ಒತ್ತಿ, ಕ್ಯಾಮೆರಾದ ಪಕ್ಕದ ಸಣ್ಣ ದೀಪ ಆರಿದ್ದನ್ನು ಕಣ್ಣಾರೆ ಕಂಡು, ಇಯರ್‌ಫೋನ್ ಬಿಚ್ಚಿದ ಬಳಿಕವೇ ಬಾಗಿಲ ಹೊರಗೆ ಕಾದಿರುವ ಮನೆಯವರನ್ನು ಒಳಗೆ ಕರೆಯಿರಿ.